ಏಕವಿಷಯ ಗ್ರಂಥ: ಓದುವವರಿಗೂ ಬರೆಯಹೊರಟವರಿಗೂ

ಕೊಯಮತ್ತೂರಿನಿಂದ ಮೇಟುಪಾಳ್ಯಕ್ಕೆ ಹೋಗುವ ರೈಲುದಾರಿಯಲ್ಲಿ, ನೀಲಗಿರಿಯ ಸಾಲು ಕಣ್ಣಿಗೆ ತೀರ ಸಮೀಪವಾಗುವ ಎಡೆಯಲ್ಲಿ, ಕಾರಮಡೈ ಎಂಬ ಊರುಂಟು. ಅಲ್ಲಿಯ ರಂಗನಾಥಸ್ವಾಮಿಯ ದೇವಾಲಯ ಕೊಂಗುನಾಡಿನ ವೈಷ್ಣವ ಕ್ಷೇತ್ರಗಳಲ್ಲಿ ಪ್ರಖ್ಯಾತವಾದುದು. ಶ್ರೀರಂಗದಲ್ಲಿರುವಂತೆ ಶೇಷಶಯನನಾಗಿ ಅಲ್ಲದೆ ಸ್ವಯಂಭೂ ಶಿಲೆಯ ರೂಪದಲ್ಲಿ ಇಲ್ಲಿ ಸ್ವಾಮಿಯು ನೆಲೆಗೊಂಡಿದ್ದಾನೆ. ದರ್ಶನಕ್ಕೆ ಬಂದವರ ತಲೆಯ ಮೇಲೆ ಶಠಾರಿಯನ್ನಿಡುವ ಬದಲು ರಾಮಬಾಣವನ್ನಿರಿಸಿ ಹರಸುವುದು ಇಲ್ಲಿಯ ಸಂಪ್ರದಾಯ. ಮಾಸಿ ತಿಂಗಳ ತೇರಿಗೆ ಬಯಲುಸೀಮೆಯ ಒಕ್ಕಲಿಗ ಗೌಡರೂ, ದೇವಾಂಗ ನೇಕಾರರೂ, ಬೆಟ್ಟದಿಂದಿಳಿದು ಬರುವ ಬಡಗರೂ ಇರುಳರೂ ಒಂದುಗೂಡುತ್ತಾರೆ. ದಾಸರು ಉರಿಯುವ ಪಂಜುಗಳನ್ನು ಹಿಡಿದು ಪಂದಸೇವೆಯನ್ನು ಸಲ್ಲಿಸುತ್ತಾರೆ, ನೀರು ತುಂಬಿದ ಚರ್ಮದ ಚೀಲಗಳನ್ನು ಹೊತ್ತು ತಣ್ಣೀರುಸೇವೆಯನ್ನು ಮಾಡುತ್ತಾರೆ. ಆ ಜನಸಂದಣಿಯ ನಡುವೆ ನಿಂತು ಕಿವಿಗೊಟ್ಟವನಿಗೆ ತಮಿಳಿನೊಡನೆ ಕನ್ನಡವೂ, ಕನ್ನಡಕ್ಕೆ ಅತಿ ಸಮೀಪದ ಬಡಗ ನುಡಿಯೂ ಕೇಳಿಬರುತ್ತವೆ.

ಈ ಕನ್ನಡ ಇಲ್ಲಿಗೆ ಎಂದು ಬಂದಿತು, ಯಾರೊಡನೆ ಬಂದಿತು, ತಮಿಳಿನ ನಡುವೆ ಇಷ್ಟು ತಲೆಮಾರುಗಳ ಕಾಲ ಹೇಗೆ ಉಳಿಯಿತು ಎಂದು ಕೇಳಿದರೆ ಮೂರು ಬಗೆಯ ಉತ್ತರಗಳು ಸುಲಭವಾಗಿ ದೊರೆಯುತ್ತವೆ. ಊರ ಹಿರಿಯರು ಒಂದು ವಲಸೆಯ ಕಥೆಯನ್ನು ಹೇಳುತ್ತಾರೆ. ಜಿಲ್ಲಾ ಕೈಪಿಡಿಯು ಜಾತಿಗಳ ಪಟ್ಟಿಯಲ್ಲಿ ನಾಲ್ಕು ಸಾಲುಗಳನ್ನು ಕೊಡುತ್ತದೆ. ಪತ್ರಿಕೆಯ ಲೇಖನವು ಹಬ್ಬದ ಸೊಗಸನ್ನು ವರ್ಣಿಸಿ ಮುಗಿಯುತ್ತದೆ. ನಾಲ್ಕನೆಯ ಬಗೆಯ ಉತ್ತರವೊಂದುಂಟು. ಒಂದೇ ಪ್ರಶ್ನೆಯನ್ನು ಹಿಡಿದು, ಅದಕ್ಕೆ ಸಂಬಂಧಿಸಿದ ಸಾಕ್ಷ್ಯವನ್ನೆಲ್ಲ ಒಬ್ಬನೇ ವಿದ್ವಾಂಸನು ವರ್ಷಗಟ್ಟಲೆ ಸಂಗ್ರಹಿಸಿ, ತೂಗಿ, ತನ್ನ ನಿರ್ಣಯವನ್ನು ಆದ್ಯಂತವಾಗಿ ಪ್ರತಿಪಾದಿಸುವ ಗ್ರಂಥ ಅದು. ಇಂಗ್ಲಿಷಿನಲ್ಲಿ ಮಾನೊಗ್ರಾಫ್ ಎನ್ನುವ ಈ ಏಕವಿಷಯ ಗ್ರಂಥವನ್ನು ಹೇಗೆ ಓದಬೇಕು, ಕಾರಮಡೈಯಂಥ ಊರನ್ನು ಕುರಿತು ಅದನ್ನು ಬರೆಯಹೊರಟವನು ಯಾವ ಮಾರ್ಗದಲ್ಲಿ ನಡೆಯಬೇಕು ಎಂಬುದನ್ನು ಕಾಲೇಜಿನ ತರುಣ ಅಧ್ಯಾಪಕರಿಗೂ, ಸಂಶೋಧನ ವಿದ್ಯಾರ್ಥಿಗಳಿಗೂ, ನಿವೃತ್ತರಾದ ಬಳಿಕ ತಮ್ಮ ಊರಿನ ವಿಷಯವಾಗಿ ಟಿಪ್ಪಣಿ ಬರೆದಿಡುತ್ತಿರುವ ಶಾಲಾ ಉಪಾಧ್ಯಾಯರಿಗೂ ಉಪಯೋಗವಾಗುವಂತೆ ತಿಳಿಸುವುದು ಈ ಲೇಖನದ ಉದ್ದೇಶ.

ಈ ಗ್ರಂಥಪ್ರಕಾರದ ಸ್ವರೂಪವನ್ನು ತಿಳಿಯಲು ದೂರ ಹೋಗಬೇಕಾದುದಿಲ್ಲ; ಕಾರಮಡೈಯಿಂದ ಕಾಣುವ ಬೆಟ್ಟದ ಮೇಲಿರುವ ಬಡಗರನ್ನು ಕುರಿತು ಹುಟ್ಟಿದ ವಾಙ್ಮಯವೇ ಸಾಕು. ಎಂ. ಬಿ. ಎಮೆನೋ ಎಂಬ ಭಾಷಾವಿಜ್ಞಾನಿಯು ಬಡಗ ನುಡಿಯ ಸ್ವರಗಳನ್ನು ಕುರಿತು 1939ರಲ್ಲಿ ಕೆಲವೇ ಪುಟಗಳ ಲೇಖನವೊಂದನ್ನು ಪ್ರಕಟಿಸಿ, ನಾಲಗೆಯನ್ನು ಅರ್ಧ ಮಡಿಸಿಯೂ ಪೂರ್ಣ ಮಡಿಸಿಯೂ ಉಚ್ಚರಿಸುವ ಮೂರ್ಧನ್ಯ ಸ್ವರಗಳು ಅಲ್ಲಿ ಉಂಟೆಂದು ತೋರಿಸಿದನು. ಒಂದು ಅಂಶ, ಒಂದು ಸಿದ್ಧಾಂತ; ಅದು ಲೇಖನ. ಎಡ್ಗರ್ ಥರ್ಸ್ಟನ್ನನು 1909ರಲ್ಲಿ 7 ಸಂಪುಟಗಳಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲಿ ಬಡಗರಿಗೆ ಒಂದು ಅಧ್ಯಾಯದಷ್ಟು ಸ್ಥಳ ದೊರೆತಿದೆ, ಆದರೆ ಅಕಾರಾದಿಯಲ್ಲಿ ಅವರ ಹಿಂದೆ ಮುಂದೆ ಬೇರೆ ನೂರಾರು ಜನವರ್ಗಗಳು ಬರುತ್ತವೆ, ಅದು ಕೋಶ. ಪಾಲ್ ಹಾಕಿಂಗ್ಸ್ ಮತ್ತು ಕ್ರಿಸ್ತಿಯಾನ್ ಪಿಲೊ-ರಾಯಚೂರ್ 1992ರಲ್ಲಿ ಪ್ರಕಟಿಸಿದ ಬಡಗ-ಇಂಗ್ಲಿಷ್ ನಿಘಂಟು ಆಕರಗ್ರಂಥ. ಅದೇ ಹಾಕಿಂಗ್ಸ್ 1980ರಲ್ಲಿ ಹೊರತಂದ ಬಡಗರ ಸಾಮಾಜಿಕ ಇತಿಹಾಸವಿದೆಯಲ್ಲ, ಅದು 1550ರಿಂದ 1975ರವರೆಗಿನ ಅವಧಿಯನ್ನು ಆರಿಸಿಕೊಂಡು, ಮೈಸೂರು ಬಯಲಿನಿಂದ ಬೆಟ್ಟವನ್ನೇರಿದ ಒಂದು ಜನವು ಹೇಗೆ ಒಂದು ಸಮಾಜವಾಗಿ ರೂಪುಗೊಂಡಿತು ಎಂಬ ಒಂದೇ ವಿಚಾರವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬೆಂಬತ್ತಿ ಹೋಗುತ್ತದೆ. ಏಕವಿಷಯ ಗ್ರಂಥವೆಂದರೆ ಅದು.

ಆದುದರಿಂದ ಗಾತ್ರವೊಂದೇ ಇದರ ಲಕ್ಷಣವಲ್ಲ. ಕಾಲೇಜಿನ ಪಠ್ಯಪುಸ್ತಕವು ಇತರರು ಸಾಧಿಸಿದುದನ್ನು ಅಚ್ಚುಕಟ್ಟಾಗಿ ಹೇಳುತ್ತದೆ, ಹತ್ತು ವಿದ್ವಾಂಸರ ಹತ್ತು ಪ್ರಬಂಧಗಳ ಸಂಕಲನವು ಹತ್ತು ದಿಕ್ಕುಗಳಿಗೆ ಹರಿಯುತ್ತದೆ, ಎಫ್. ಎ. ನಿಕಲ್ಸನ್ 1887ರಲ್ಲಿ ಸಿದ್ಧಪಡಿಸಿದ ಕೊಯಮತ್ತೂರು ಜಿಲ್ಲೆಯ ಕೈಪಿಡಿಯು ಮಳೆ, ಮಣ್ಣು, ಕಂದಾಯ, ಬಾವಿ, ಬೆಳೆ, ಜಾತಿ ಎಲ್ಲವನ್ನೂ ಆಡಳಿತದ ಉಪಯೋಗಕ್ಕಾಗಿ ಒಂದೆಡೆ ಇರಿಸುತ್ತದೆ. ಇವೆಲ್ಲ ಬೇಕಾದುವೇ. ಸಾಹಿತ್ಯ ಅಕಾಡೆಮಿಯು ಭಾರತೀಯ ಸಾಹಿತ್ಯ ನಿರ್ಮಾಪಕರ ಮಾಲೆಯಲ್ಲಿ ಪ್ರಕಟಿಸುವ ಕಿರುಹೊತ್ತಗೆಗಳಿಗೂ ಮಾನೊಗ್ರಾಫ್ ಎನ್ನುವ ವಾಡಿಕೆಯುಂಟು. ಒಬ್ಬ ಕವಿಯನ್ನು ಸಾಮಾನ್ಯ ಓದುಗನಿಗೆ ಪರಿಚಯಿಸುವ ಆ ಪುಸ್ತಕಗಳು ನಾವು ಇಲ್ಲಿ ಹೇಳುತ್ತಿರುವ ಸಂಶೋಧನ ಗ್ರಂಥದಿಂದ ಬೇರೆ. ಸಂಶೋಧನ ಗ್ರಂಥದಲ್ಲಿ ಗ್ರಂಥಕರ್ತನು ಹೊಸದೊಂದನ್ನು ಸ್ಥಾಪಿಸಬೇಕು. ಅಷ್ಟಲ್ಲದೆ, ಆ ಸ್ಥಾಪನೆಯನ್ನು ಮತ್ತೊಬ್ಬನು ಪರೀಕ್ಷಿಸಿ ತಪ್ಪೆಂದು ತೋರಿಸಲು ಬೇಕಾದ ಸಾಮಗ್ರಿಯನ್ನೆಲ್ಲ ತಾನೇ ಓದುಗನ ಕೈಗೆ ಕೊಡಬೇಕು. ಈ ಎರಡನೆಯ ಕರ್ತವ್ಯವನ್ನು ನಾನು ಮೊದಲನೆಯದಕ್ಕಿಂತ ಹಿರಿದೆಂದು ಭಾವಿಸುತ್ತೇನೆ. ಡಬ್ಲ್ಯು. ಎಚ್. ಆರ್. ರಿವರ್ಸ್ 1906ರಲ್ಲಿ ನೀಲಗಿರಿಯ ತೊದವರನ್ನು ಕುರಿತು ಬರೆದ ಮಹಾಗ್ರಂಥದ ಕೊನೆಯಲ್ಲಿ ಅವರ ವಂಶಾವಳಿಗಳನ್ನೆಲ್ಲ ಅಚ್ಚುಹಾಕಿಸಿದ್ದರಿಂದಲೇ ಮುಂದಿನವರು ಅವನ ನಿರ್ಣಯಗಳನ್ನು ತಿದ್ದಲು ಸಮರ್ಥರಾದರು. ಆಂಟನಿ ವಾಕರ್ 1986ರಲ್ಲಿ ಅದೇ ಜನವನ್ನು ಹೊಸದಾಗಿ ನೋಡಿ ಮತ್ತೊಂದು ಗ್ರಂಥವನ್ನು ಬರೆಯುವುದು ಸಾಧ್ಯವಾಯಿತು.

ಇಂಥ ಗ್ರಂಥದ ಒಳಗಟ್ಟನ್ನು ಸಮೀಪದಿಂದ ನೋಡಬೇಕೆನ್ನುವವರು ಬ್ರೆಂಡಾ ಬೆಕ್ ಎಂಬ ವಿದುಷಿಯ ಕೊಂಗುನಾಡಿನ ಅಧ್ಯಯನವನ್ನು ತೆರೆಯಬೇಕು. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಮುದ್ರಣಾಲಯವು ಅದನ್ನು 1972ರಲ್ಲಿ ಪ್ರಕಟಿಸಿತು. ಈಗ ತಿರುಪ್ಪೂರು ಜಿಲ್ಲೆಗೆ ಸೇರಿರುವ ಕಾಂಗೇಯದ ಸೀಮೆಯಲ್ಲಿ, ಓಲಪ್ಪಾಳಯವೆಂಬ ಸಣ್ಣ ಊರಿನಲ್ಲಿ ನೆಲೆಸಿ ಆಕೆ 1960ರ ದಶಕದ ಮಧ್ಯದಲ್ಲಿ ಕ್ಷೇತ್ರಕಾರ್ಯವನ್ನು ನಡೆಸಿದಳು. ದಕ್ಷಿಣ ದೇಶದಲ್ಲಿ ಬಲಗೈ ಎಡಗೈ ಎಂದು ಜಾತಿಗಳು ಎರಡು ಪಂಗಡಗಳಾಗಿ ಒಡೆದಿದ್ದುದಕ್ಕೆ ಕಾರಣವೇನು, ಆ ಒಡಕು ಜನರ ನಿತ್ಯಜೀವನದಲ್ಲಿ ಹೇಗೆ ಕಾಣುತ್ತದೆ ಎಂಬುದು ಆಕೆಯ ಪ್ರಶ್ನೆ. ಉತ್ತರವನ್ನು ಆಕೆ ಒಮ್ಮೆಗೇ ಹೇಳುವುದಿಲ್ಲ. ಮೊದಲ ಅಧ್ಯಾಯದಲ್ಲಿ ಇಡೀ ಕೊಂಗು ಪ್ರದೇಶ; ಎರಡನೆಯದರಲ್ಲಿ ಅದರೊಳಗಿನ ಕಾಂಗೇಯ ನಾಡು; ಆಮೇಲೆ ಕಣ್ಣಪುರವೆಂಬ ಗ್ರಾಮ; ತದನಂತರ ಓಲಪ್ಪಾಳಯವೆಂಬ ಊರು; ಕಟ್ಟಕಡೆಗೆ ಕುಟುಂಬ. ನಾಡಿನ ಎಲ್ಲೆಯಿಂದ ಮನೆಯ ಹೊಸ್ತಿಲವರೆಗೆ ಹೀಗೆ ಮೆಟ್ಟಿಲುಮೆಟ್ಟಿಲಾಗಿ ಇಳಿದು, ಪ್ರತಿಯೊಂದು ಮೆಟ್ಟಿಲಲ್ಲಿಯೂ ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಾಳೆ: ಇಲ್ಲಿ ಭೂಮಿಗೆ ಕಟ್ಟುಬಿದ್ದ ಜಾತಿಗಳ ನಡೆ ಹೇಗೆ, ಭೂಮಿಯನ್ನು ನೆಚ್ಚದ ಜಾತಿಗಳ ನಡೆ ಹೇಗೆ? ದೇವರು, ಮದುವೆ, ನಂಟಸ್ತನ, ಶೌಚಾಶೌಚ ಇವುಗಳಲ್ಲಿ ಕಾಣುವ ಭೇದಗಳು ಆ ಒಂದು ಪ್ರಶ್ನೆಯ ಸುತ್ತ ತಾವಾಗಿಯೇ ಸೇರಿಕೊಳ್ಳುತ್ತವೆ. ಅಧ್ಯಾಯಗಳ ಅನುಕ್ರಮವೇ ಇಲ್ಲಿ ವಾದ. ಒಂದನ್ನು ತೆಗೆದರೆ ಮುಂದಿನದು ನಿಲ್ಲುವುದಿಲ್ಲ. ಗ್ರಂಥರಚನೆಯನ್ನು ಕಲಿಯಬೇಕೆಂಬ ತರುಣನು ಆ ಪುಸ್ತಕದ ವಿಷಯಾನುಕ್ರಮಣಿಕೆಯನ್ನು ಕೈಯಿಂದ ಬರೆದುಕೊಂಡು, ಪ್ರತಿ ಅಧ್ಯಾಯದ ಮುಂದೆ 'ಇದು ಏನನ್ನು ಸ್ಥಾಪಿಸಿತು' ಎಂದು ಒಂದೊಂದು ವಾಕ್ಯ ಬರೆದು ನೋಡಲಿ. ಹತ್ತು ಉಪನ್ಯಾಸಗಳು ಕಲಿಸಲಾರದುದನ್ನು ಅದು ಕಲಿಸುತ್ತದೆ.

ಅದೇ ನೆಲದಲ್ಲಿ ಬೇರೊಂದು ಪ್ರಶ್ನೆಯನ್ನು ಕೇಳಿದರೆ ಬೇರೊಂದು ಗ್ರಂಥವಾಗುತ್ತದೆ. ಶರದ್ ಚಾರಿಯವರು 2004ರಲ್ಲಿ ಪ್ರಕಟಿಸಿದ 'ಫ್ರೆಟರ್ನಲ್ ಕ್ಯಾಪಿಟಲ್' ಎಂಬ ಪುಸ್ತಕವು ತಿರುಪ್ಪೂರಿನ ಬನಿಯನ್ ಉದ್ಯಮವನ್ನು ಕುರಿತದ್ದು. ಹೊಲದಿಂದ ಬಂದು ಕಾರ್ಖಾನೆಯ ಕೂಲಿಗಳಾದ ಗೌಂಡರು ಒಡೆಯರಾದ ಬಗೆಯನ್ನೂ, ಆ ಏಳಿಗೆಗೆ ಅವರು ತಮ್ಮ ಬೆವರಿನ ದುಡಿಮೆಯನ್ನೇ ಕಾರಣವಾಗಿ ಹೇಳಿಕೊಳ್ಳುವ ಬಗೆಯನ್ನೂ ಚಾರಿಯವರು ಪರಿಶೀಲಿಸುತ್ತಾರೆ. ಬೆಕ್‌ಗೂ ಚಾರಿಯವರಿಗೂ ಕೊಂಗುನಾಡು ಒಂದೇ. ಆದರೆ ಒಬ್ಬರ ಪುಸ್ತಕವನ್ನು ಇನ್ನೊಬ್ಬರದರ ಬದಲಿಗೆ ಓದಲಾಗದು.

ಕನ್ನಡದಲ್ಲಿಯೂ ಈ ಪ್ರಕಾರಕ್ಕೆ ಉತ್ತಮವಾದ ಮೇಲ್ಪಂಕ್ತಿಯುಂಟು. ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' 1966ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಪ್ರಕಟವಾಯಿತು. ಗ್ರಂಥನಾಮದೊಡನೆಯೇ ಕ್ರಿ.ಶ. 450ರಿಂದ 1150ರವರೆಗೆ ಎಂದು ಎಲ್ಲೆಯನ್ನು ಹಾಕಿರುವುದನ್ನು ಗಮನಿಸಬೇಕು. ಸಹಸ್ರಾರು ಶಾಸನಗಳನ್ನು ರಾಜರ ಕಾಲನಿರ್ಣಯಕ್ಕಷ್ಟೇ ಬಳಸುತ್ತಿದ್ದ ಕಾಲದಲ್ಲಿ ಅವುಗಳಿಂದಲೇ ಜನಜೀವನವನ್ನು ಓದಿ ತೆಗೆಯಬಹುದೆಂದು ಅವರು ತೋರಿಸಿದರು. ಆ ಎಲ್ಲೆಯನ್ನು ಹಾಕಿಕೊಳ್ಳದಿದ್ದರೆ ಆ ಕೆಲಸವು ಒಬ್ಬನ ಆಯುಷ್ಯದಲ್ಲಿ ಮುಗಿಯುತ್ತಿರಲಿಲ್ಲ. ಎಂ. ಎನ್. ಶ್ರೀನಿವಾಸರು ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತು 1952ರಲ್ಲಿ ಇಂಗ್ಲಿಷಿನಲ್ಲಿ ಹೊರತಂದ ಗ್ರಂಥವೂ ಕರ್ನಾಟಕದ ನೆಲದ್ದೇ. ಒಂದು ಚಿಕ್ಕ ನಾಡಿನ ಆಚರಣೆಗಳನ್ನು ಕೂಲಂಕಷವಾಗಿ ನೋಡುತ್ತ ಹೋದ ಅವರಿಗೆ ಸಂಸ್ಕೃತೀಕರಣವೆಂಬ ಕಲ್ಪನೆ ದೊರೆತು, ಅದು ಭಾರತದ ಸಮಾಜಶಾಸ್ತ್ರಕ್ಕೆಲ್ಲ ಬಳಕೆಯ ಮಾತಾಯಿತು. ವಿಷಯವು ಕಿರಿದಾದರೆ ಪ್ರಯೋಜನವೂ ಕಿರಿದೆಂದು ಅಳುಕುವವರು ಈ ನಿದರ್ಶನವನ್ನು ನೆನೆಯಬೇಕು.

ಓದುವ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಏಕವಿಷಯ ಗ್ರಂಥವನ್ನು ಕಾದಂಬರಿಯಂತೆ ಮೊದಲ ಪುಟದಿಂದ ಹಿಡಿದು ಓದುವ ನಿರ್ಬಂಧವಿಲ್ಲ. ಮುನ್ನುಡಿಯನ್ನೂ ಪೀಠಿಕೆಯ ಅಧ್ಯಾಯವನ್ನೂ ಓದಿ, ಅನಂತರ ಉಪಸಂಹಾರಕ್ಕೆ ಹೋಗಿ, ಕೇಳಿದ ಪ್ರಶ್ನೆಯೂ ಕೊಟ್ಟ ಉತ್ತರವೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಬೇಕು. ಬಳಿಕ ಪದಸೂಚಿಯನ್ನು ತೆರೆದು, ತಾನು ಬಲ್ಲ ಊರೋ ಜಾತಿಯೋ ಆಚರಣೆಯೋ ಎಲ್ಲೆಲ್ಲಿ ಬಂದಿದೆಯೆಂದು ಹುಡುಕಿ ಆ ಪುಟಗಳನ್ನು ಮೊದಲು ಓದಬೇಕು. ತಾನು ಬಲ್ಲ ವಿಷಯದಲ್ಲಿ ಗ್ರಂಥಕರ್ತನು ಎಷ್ಟು ಎಚ್ಚರದಿಂದ ನಡೆದಿದ್ದಾನೆಂಬುದು ತಿಳಿದರೆ ಅರಿಯದ ವಿಷಯದಲ್ಲಿ ಅವನನ್ನು ಎಷ್ಟು ನಂಬಬಹುದೆಂಬುದೂ ತಿಳಿಯುತ್ತದೆ. ಕೊನೆಯದಾಗಿ, ಯಾವುದಾದರೊಂದು ಮುಖ್ಯವಾದ ಅಡಿಟಿಪ್ಪಣಿಯನ್ನು ಆರಿಸಿ ಅದು ಸೂಚಿಸುವ ಮೂಲವನ್ನು ತೆಗೆದು ಹೋಲಿಸಿ ನೋಡಬೇಕು. ಗ್ರಂಥದ ನಿರ್ಣಯವನ್ನು ಉದ್ಧರಿಸುವವನು ಈ ಶ್ರಮವನ್ನು ಒಮ್ಮೆಯಾದರೂ ವಹಿಸಬೇಕೆಂಬುದು ನನ್ನ ಅಭಿಪ್ರಾಯ.

ಇನ್ನು ಬರೆಯುವ ಮಾತು. ಕಾರಮಡೈಯ ಸುತ್ತಿನ ಕನ್ನಡಿಗರನ್ನು ಕುರಿತು ಗ್ರಂಥ ಬರೆಯಬೇಕೆಂದು ಉತ್ಸಾಹಗೊಂಡವನ ಮನಸ್ಸಿಗೆ ಮೊದಲು ಹೊಳೆಯುವ ಹೆಸರು 'ಕಾರಮಡೈಯ ಇತಿಹಾಸ' ಎಂಬುದು. ಅದನ್ನು ಬಿಡಬೇಕು. ಅದು ಒಂದು ಕ್ಷೇತ್ರವೇ ಹೊರತು ಪ್ರಶ್ನೆಯಲ್ಲ. ಅದರೊಳಗೆ ಏನನ್ನು ಸೇರಿಸಿದರೂ ಸಲ್ಲುತ್ತದೆ, ಏನನ್ನು ಬಿಟ್ಟರೂ ಕೊರತೆಯಾಗುವುದಿಲ್ಲ. ಮಾಸಿ ತೇರಿನಲ್ಲಿ ಯಾವ ಸಮುದಾಯಕ್ಕೆ ಯಾವ ಸೇವೆಯ ಹಕ್ಕು ಸಲ್ಲುತ್ತದೆ, ಆ ಹಕ್ಕುಗಳು ಭೂಮಿಯ ಒಡೆತನವನ್ನು ಅನುಸರಿಸಿ ಬಂದವೋ ವಲಸೆಯ ಕ್ರಮವನ್ನು ಅನುಸರಿಸಿ ಬಂದವೋ ಎಂಬುದು ಪ್ರಶ್ನೆ. ಒಕ್ಕಲಿಗರ ಮನೆಮಾತಾದ ಕನ್ನಡದಲ್ಲಿ ಅಜ್ಜಿ, ಮಗಳು, ಮೊಮ್ಮಗಳು ಈ ಮೂರು ತಲೆಮಾರುಗಳ ನಡುವೆ ಯಾವ ಪದಗಳು ತಮಿಳಿಗೆ ಎಡೆಗೊಟ್ಟವು, ಯಾವುವು ಕೊಡಲಿಲ್ಲ, ಕೊಡದಿದ್ದ ಪದಗಳು ಅಡುಗೆಮನೆಯವೋ ಬೇಸಾಯದವೋ ದೇವರಮನೆಯವೋ ಎಂಬುದು ಪ್ರಶ್ನೆ. ಇಂಥದೊಂದನ್ನು ಒಂದೇ ವಾಕ್ಯದಲ್ಲಿ ಬರೆಯಲು ಬಾರದಿದ್ದರೆ ಗ್ರಂಥಕ್ಕೆ ಕೈಹಚ್ಚಬಾರದು.

ಪ್ರಶ್ನೆಯು ಗೊತ್ತಾದ ಮೇಲೆ ಆಕರಗಳ ಅನ್ವೇಷಣೆ. ಇಲ್ಲಿ ಗಡಿನಾಡಿನ ಸಂಶೋಧಕನಿಗೆ ವಿಶೇಷವಾದ ತೊಡಕೊಂದುಂಟು: ಆಡಳಿತದ ಗಡಿಗಳು ಆಕರಗಳನ್ನೂ ಸೀಳಿಹಾಕಿವೆ. ಕೊಯಮತ್ತೂರಿನ ಸೀಮೆ ಮೈಸೂರಿನ ಆಳ್ವಿಕೆಗೆ ಒಳಪಟ್ಟಿದ್ದು 1799ರಲ್ಲಿ ಟಿಪ್ಪುವಿನ ಪತನದೊಡನೆ ಕಂಪನಿಯ ವಶವಾಯಿತು; ಕೊಳ್ಳೇಗಾಲವು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಬಿ. ಎಲ್. ರೈಸರ 'ಎಪಿಗ್ರಾಫಿಯ ಕರ್ನಾಟಿಕ'ವು ಕೊಡಗು ಮತ್ತು ಮೈಸೂರು ಸಂಸ್ಥಾನಕ್ಕೆ ಸೀಮಿತವಾದುದರಿಂದ ಕೊಯಮತ್ತೂರಿನ ಕಡೆಯ ಶಾಸನಗಳನ್ನು ಮದರಾಸಿನ ಶಾಸನ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಹುಡುಕಬೇಕು. ಭಾರತ ಸರ್ಕಾರದ ಶಾಸನ ಕಚೇರಿಯು 1966ರವರೆಗೆ ಉದಕಮಂಡಲದಲ್ಲಿದ್ದು ಅನಂತರ ಮೈಸೂರಿಗೆ ಬಂದಿತು. ಕನ್ನಡ ಶಾಸನಗಳ ಪಡಿಯಚ್ಚುಗಳನ್ನು ನೋಡಲು ಅಲ್ಲಿಗೆ ಹೋಗಬೇಕು. ಕಂದಾಯದ ದಾಖಲೆಗಳಿಗೆ ಚೆನ್ನೈಯ ತಮಿಳುನಾಡು ಪತ್ರಾಗಾರ. ಕರ್ನಲ್ ಮೆಕೆಂಜಿಯು 19ನೆಯ ಶತಮಾನದ ಆದಿಯಲ್ಲಿ ಊರೂರಿನಿಂದ ಬರೆಯಿಸಿ ತರಿಸಿದ ಕೈಫಿಯತ್ತುಗಳಿಗೆ ಅಲ್ಲಿಯದೇ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯ. ಫ್ರಾನ್ಸಿಸ್ ಬುಕನನ್ 1800-01ರಲ್ಲಿ ಮೈಸೂರು, ಕೊಯಮತ್ತೂರು, ಮಲೆಯಾಳ, ಕನ್ನಡ ಜಿಲ್ಲೆಗಳನ್ನು ಸುತ್ತಿ ಬರೆದು 1807ರಲ್ಲಿ ಅಚ್ಚಾದ ಪ್ರವಾಸಕಥನವು ನೇಕಾರರ ಮಗ್ಗ, ಒಕ್ಕಲಿನ ಬೆಳೆ, ನೀರಾವರಿಯ ವಿಷಯದಲ್ಲಿ ಇಂದಿಗೂ ಮೊದಲು ನೋಡತಕ್ಕ ಪುಸ್ತಕ. ಇದೇ ಪ್ರಶ್ನೆಯನ್ನು ಮತ್ತಾರಾದರೂ ಕೈಗೆತ್ತಿಕೊಂಡಿದ್ದಾರೆಯೇ ಎಂಬುದನ್ನು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ನಡೆಸುವ ಶೋಧಗಂಗಾ ಭಂಡಾರದಲ್ಲಿ ಪಿಎಚ್.ಡಿ. ಮಹಾಪ್ರಬಂಧಗಳನ್ನು ಹುಡುಕಿ, ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲಿಯೂ ಹುಡುಕಿ, ಖಚಿತಪಡಿಸಿಕೊಳ್ಳಬೇಕು.

ಕಾಗದದ ಆಕರಗಳಿಗಿಂತ ಬಾಯ ಆಕರಗಳು ಬೇಗನೆ ಅಳಿಯುವುದರಿಂದ ಅವುಗಳನ್ನೇ ಮೊದಲು ಸಂಗ್ರಹಿಸತಕ್ಕದ್ದು. ಈ ಸೀಮೆಯಲ್ಲಿ ಕನ್ನಡವಾಡುವ ಬಹುಮಂದಿ ಓದುಬರಹವನ್ನು ತಮಿಳಿನಲ್ಲಿ ಕಲಿತವರು. ಮನೆಯ ಹಾಡನ್ನೋ ಗಾದೆಯನ್ನೋ ಬರೆದುಕೊಡಿರೆಂದರೆ ತಮಿಳಕ್ಷರದಲ್ಲಿ ಬರೆದುಕೊಡುತ್ತಾರೆ. ತಮಿಳು ಲಿಪಿಯಲ್ಲಿ ಕಕಾರಕ್ಕೂ ಗಕಾರಕ್ಕೂ ಒಂದೇ ಅಕ್ಷರ, ತಕಾರಕ್ಕೂ ದಕಾರಕ್ಕೂ ಒಂದೇ ಅಕ್ಷರ. 'ಗಾಳಿ'ಯೂ 'ಕಾಳಿ'ಯೂ ಹಾಳೆಯ ಮೇಲೆ ಒಂದೇ ಆಗಿ ಕಾಣುತ್ತವೆ. ಆದುದರಿಂದ ಸಂಶೋಧಕನು ಬರೆದುಕೊಟ್ಟುದನ್ನು ಆದರದಿಂದ ತೆಗೆದಿಟ್ಟುಕೊಂಡು, ಅದನ್ನು ಹೇಳಿಸಿ ಕೇಳಿ, ಧ್ವನಿಮುದ್ರಿಸಿ, ತಾನೇ ಕನ್ನಡ ಲಿಪಿಯಲ್ಲಿಯಾಗಲಿ ಧ್ವನಿಲಿಪಿಯಲ್ಲಿಯಾಗಲಿ ಬರೆದುಕೊಳ್ಳಬೇಕು. ಇಂಥ ಸೂಕ್ಷ್ಮವೇ ದೊಡ್ಡ ನಿರ್ಣಯಕ್ಕೆ ಆಧಾರವಾಗುವುದುಂಟು: ಹಳಗನ್ನಡದ ಪದಾದಿಯ ಪಕಾರವು ಬಡಗ ನುಡಿಯಲ್ಲಿಯೂ ಹಕಾರವಾಗಿರುವುದರಿಂದ, ಆ ಪರಿವರ್ತನೆಯಾಗುವುದಕ್ಕೆ ಬಹುಮುಂಚೆಯೇ ಬಡಗರು ಕನ್ನಡನಾಡಿನಿಂದ ಅಗಲಿದರೆಂಬ ವಾದಕ್ಕೆ ಬಲವಿಲ್ಲ. ಪ್ರತಿಯೊಂದು ಹೇಳಿಕೆಯ ಬದಿಯಲ್ಲಿಯೂ ದಿನ, ಸ್ಥಳ, ಹೇಳಿದವರ ವಯಸ್ಸು, ತಾಯಿಯ ತವರೂರು, ಆ ಹೊತ್ತಿನಲ್ಲಿ ಹತ್ತಿರವಿದ್ದವರು ಇಷ್ಟನ್ನು ಗುರುತಿಸಿಡಬೇಕು. ಹಿರಿಯರು ಮಗ್ಗುಲಲ್ಲಿ ಕುಳಿತಿರುವಾಗ ಸೊಸೆಯು ಹೇಳುವ ಕಥೆಯೂ ಅವಳೊಬ್ಬಳೇ ಇರುವಾಗ ಹೇಳುವ ಕಥೆಯೂ ಒಂದೇ ಆಗಿರಬೇಕೆಂದಿಲ್ಲ. ಹೆಸರನ್ನು ಅಚ್ಚಿಸಲು ಅವರ ಒಪ್ಪಿಗೆಯನ್ನು ಕೇಳಿ ಪಡೆಯಬೇಕು.

ವಲಸೆಯ ಕಥೆಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಬಯಲಿನ ಅರಸನೊಬ್ಬನು ಮನೆಯ ಕನ್ಯೆಯನ್ನು ಬಯಸಿದನೆಂದೂ, ಮಾನರಕ್ಷಣೆಗಾಗಿ ಅಣ್ಣತಮ್ಮಂದಿರು ತಂಗಿಯೊಡನೆ ರಾತ್ರೋರಾತ್ರಿ ಓಡಿಬಂದರೆಂದೂ ಬಡಗರಲ್ಲಿ ಕಥೆಯುಂಟು; ಕನ್ನಡ ಮತ್ತು ತೆಲುಗು ನಾಡುಗಳಿಂದ ತಮಿಳುನಾಡಿಗೆ ಬಂದ ಇತರ ಜನಗಳಲ್ಲಿಯೂ ಇದನ್ನೇ ಹೋಲುವ ಕಥೆಗಳುಂಟು. ಇದನ್ನು ಇತಿಹಾಸವೆಂದು ಹಾಗೆಯೇ ಎತ್ತಿ ಬರೆಯುವುದೂ ತಪ್ಪು, ಕಟ್ಟುಕಥೆಯೆಂದು ತಳ್ಳಿಹಾಕುವುದೂ ತಪ್ಪು. ಒಂದು ಜನವು ತನ್ನ ಅಗಲಿಕೆಯನ್ನು ಯಾವ ಬಗೆಯಲ್ಲಿ ನೆನಪಿಟ್ಟುಕೊಂಡಿದೆ ಎಂಬುದಕ್ಕೆ ಅದು ಉತ್ತಮ ಸಾಕ್ಷಿ, ಇಸವಿಗೆ ಸಾಕ್ಷಿಯಲ್ಲ. ಗ್ರಂಥಕರ್ತನು ಕಥೆಯ ಪಾಠಾಂತರಗಳನ್ನೆಲ್ಲ ಅನುಬಂಧದಲ್ಲಿ ಕೊಟ್ಟು, ಕಾಲನಿರ್ಣಯಕ್ಕೆ ಶಾಸನವನ್ನೂ ಭಾಷೆಯನ್ನೂ ಕಂದಾಯದ ಕಡತವನ್ನೂ ಆಶ್ರಯಿಸಬೇಕು. ಜಾತಿಯ ಸಂಘದವರು ಹಣ ಕೊಟ್ಟು ಬರೆಯಿಸುವ ಪುಸ್ತಕಗಳಲ್ಲಿ ಈ ವಿವೇಕವನ್ನು ಉಳಿಸಿಕೊಳ್ಳುವುದು ಕಷ್ಟ. ಹಣವನ್ನು ಸ್ವೀಕರಿಸಿದರೆ ಮುನ್ನುಡಿಯಲ್ಲಿ ಅದನ್ನು ತಿಳಿಸಬೇಕು.

ಮಹಾಪ್ರಬಂಧವು ತಾನಾಗಿ ಗ್ರಂಥವಾಗುವುದಿಲ್ಲವೆಂಬುದನ್ನು ಒತ್ತಿ ಹೇಳಬೇಕಾಗಿದೆ. ಪರೀಕ್ಷಕರಿಗೆ ತಾನು ಓದಿದ್ದೇನೆಂದು ತೋರಿಸುವುದು ಮಹಾಪ್ರಬಂಧದ ಧರ್ಮ. ಓದುಗನಿಗೆ ತಾನು ಕಂಡುದನ್ನು ತೋರಿಸುವುದು ಗ್ರಂಥದ ಧರ್ಮ. ಆದಕಾರಣ ಹಿಂದಿನ ವಿದ್ವಾಂಸರ ಅಭಿಪ್ರಾಯಗಳನ್ನೆಲ್ಲ ಸಾಲಾಗಿ ಜೋಡಿಸಿದ ಆ ದೀರ್ಘ ಅಧ್ಯಾಯವನ್ನು ಮೊದಲು ತೆಗೆಯಬೇಕು; ಅದರಲ್ಲಿ ಅಗತ್ಯವಾದುದನ್ನು ಆಯಾ ಪ್ರಸಂಗದಲ್ಲಿ ಟಿಪ್ಪಣಿಯಾಗಿ ಸೇರಿಸಿದರೆ ಸಾಕು. 'ಈ ಅಧ್ಯಾಯದಲ್ಲಿ ಇದನ್ನು ಚರ್ಚಿಸಲಾಗುವುದು, ಹಿಂದಿನ ಅಧ್ಯಾಯದಲ್ಲಿ ಅದನ್ನು ಚರ್ಚಿಸಲಾಯಿತು' ಎಂಬ ವಾಕ್ಯಗಳನ್ನು ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕಬೇಕು. ಇಂಗ್ಲಿಷಿನಲ್ಲಿ ಇಂಥ ಗ್ರಂಥಗಳು ಸಾಮಾನ್ಯವಾಗಿ 80,000ದಿಂದ 1,00,000 ಪದಗಳಷ್ಟಿರುತ್ತವೆ; ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವ ಕನ್ನಡದಲ್ಲಿ ಅದೇ ವಿಷಯಕ್ಕೆ ಅಷ್ಟು ಪದಗಳು ಬೇಕಾಗುವುದಿಲ್ಲ. ಭೂಪಟವಿರಬೇಕು; ಸ್ಥಳೀಯ ಪದಗಳ ಕೋಶವಿರಬೇಕು, ಅದನ್ನು ಸಿದ್ಧಪಡಿಸುವಾಗ ಮರಿಯಪ್ಪ ಭಟ್ಟರು ಪರಿಷ್ಕರಿಸಿ ಮದರಾಸು ವಿಶ್ವವಿದ್ಯಾಲಯವು ಪ್ರಕಟಿಸಿದ ಕಿಟ್ಟೆಲ್ ನಿಘಂಟನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು. ಪದಸೂಚಿಯಂತೂ ಇರಲೇಬೇಕು. ಕನ್ನಡದಲ್ಲಿ ಎಷ್ಟೋ ಉತ್ತಮ ಸಂಶೋಧನ ಗ್ರಂಥಗಳು ಪದಸೂಚಿಯಿಲ್ಲದೆ ಅಚ್ಚಾಗಿ, ಅವುಗಳೊಳಗಿನ ಸಂಪತ್ತು ಮುಂದಿನ ಸಂಶೋಧಕನ ಕೈಗೆ ಸಿಕ್ಕದೆ ಹೋಗಿದೆಯೆಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ. ಪುಟಸಂಖ್ಯೆಗಳು ಸ್ಥಿರವಾದ ಮೇಲೆ ಒಂದು ವಾರದ ಶ್ರಮ ಅದಕ್ಕೆ ಸಾಕು.

ಭಾಷೆಯ ಆಯ್ಕೆಯಲ್ಲಿ ನನ್ನ ಸಲಹೆ ಸ್ಪಷ್ಟವಾಗಿದೆ. ಕಾರಮಡೈಯ ಕನ್ನಡವನ್ನು ಕುರಿತ ಗ್ರಂಥವು ಕನ್ನಡದಲ್ಲಿ ಬರಬೇಕು. ಆದರೆ ಯಾರ ನುಡಿಯನ್ನು ಅದು ವಿವರಿಸುತ್ತದೆಯೋ ಅವರು ತಮಿಳು ಓದುವವರಾದುದರಿಂದ, ಸಾರಾಂಶವನ್ನು ತಮಿಳಿನಲ್ಲಿ ಹತ್ತಿಪ್ಪತ್ತು ಪುಟಗಳಷ್ಟಾದರೂ ಸೇರಿಸಬೇಕು.

ಪ್ರಕಟಣೆಗೆ ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು, ವಿಶೇಷವಾಗಿ ಮೈಸೂರು, ಧಾರವಾಡಗಳವೂ 1991ರಲ್ಲಿ ಸ್ಥಾಪಿತವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದವೂ ಮೊದಲು ಯೋಚಿಸತಕ್ಕ ಸ್ಥಳಗಳು. ವಿದೇಶದ ವಿಶ್ವವಿದ್ಯಾಲಯ ಮುದ್ರಣಾಲಯಗಳು ಹಸ್ತಪ್ರತಿಯನ್ನು ಸಾಮಾನ್ಯವಾಗಿ ಇಬ್ಬರು ಅಜ್ಞಾತ ವಿಮರ್ಶಕರಿಗೆ ಕಳುಹಿಸಿ, ಅವರ ಆಕ್ಷೇಪಗಳಿಗೆ ಗ್ರಂಥಕರ್ತನಿಂದ ಸಮಾಧಾನ ಪಡೆದ ಮೇಲೆಯೇ ಅಚ್ಚಿಗೆ ಒಪ್ಪುತ್ತವೆ. ಅಷ್ಟಾದರೂ ಅಚ್ಚಾಗುವ ಪ್ರತಿಗಳು ಕೆಲವು ನೂರು ಮಾತ್ರ. ನಮ್ಮಲ್ಲಿ ಪ್ರಕಾಶಕನು ಅಂಥ ವಿಮರ್ಶೆಯನ್ನು ಏರ್ಪಡಿಸದಿದ್ದರೆ ಗ್ರಂಥಕರ್ತನೇ ಇಬ್ಬರು ತಜ್ಞರನ್ನೂ ಆ ಊರಿನವರೇ ಆದ ಒಬ್ಬ ಓದುಗನನ್ನೂ ಬೇಡಿಕೊಂಡು ಓದಿಸತಕ್ಕದ್ದು. ಮಹಾಪ್ರಬಂಧವನ್ನು ಒಂದಕ್ಷರವನ್ನೂ ತಿದ್ದದೆ, ಗ್ರಂಥಕರ್ತನಿಂದಲೇ ಹಣ ಪಡೆದು ತಿಂಗಳೊಳಗೆ ಪುಸ್ತಕ ಮಾಡಿಕೊಡುತ್ತೇವೆಂದು ಪತ್ರ ಬರೆಯುವ ಸಂಸ್ಥೆಗಳಿಂದ ದೂರವಿರಬೇಕು. ಐಎಸ್‌ಬಿಎನ್ ಎಂಬ 13 ಅಂಕಿಗಳ ಗ್ರಂಥಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆಯು ಶುಲ್ಕವಿಲ್ಲದೆ ಕೊಡುತ್ತದೆ. ಅದಕ್ಕಾಗಿ ಹಣ ಕೇಳುವವರ ಮಾತನ್ನು ನಂಬಬಾರದು. ಕರಾರುಪತ್ರದಲ್ಲಿ ಕೃತಿಸ್ವಾಮ್ಯವು ಗ್ರಂಥಕರ್ತನಲ್ಲಿಯೇ ಉಳಿಯುವಂತೆ ನೋಡಿಕೊಂಡರೆ, ಪ್ರತಿಗಳು ಮುಗಿದ ಮೇಲೆ ಅದನ್ನು ಎಲ್ಲರಿಗೂ ಉಚಿತವಾಗಿ ದೊರೆಯುವಂತೆ ಅಂತರಜಾಲದಲ್ಲಿ ಇರಿಸುವ ಸ್ವಾತಂತ್ರ್ಯ ಉಳಿಯುತ್ತದೆ.

1954ರ ಪುಸ್ತಕ ಸಲ್ಲಿಕೆಯ ಕಾಯಿದೆಯ ಪ್ರಕಾರ ಪ್ರಕಾಶಕನು ಗ್ರಂಥವು ಹೊರಬಂದ 30 ದಿನಗಳೊಳಗೆ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ, ಚೆನ್ನೈಯ ಕನ್ನೆಮರಾ ಗ್ರಂಥಾಲಯವೂ ಸೇರಿದಂತೆ ಗೊತ್ತುಪಡಿಸಿದ ಇತರ ಗ್ರಂಥಾಲಯಗಳಿಗೂ ಒಂದೊಂದು ಪ್ರತಿಯನ್ನು ತನ್ನ ಖರ್ಚಿನಲ್ಲಿ ತಲುಪಿಸತಕ್ಕದ್ದು. ಇದು ನಡೆಯಿತೇ ಎಂದು ಗ್ರಂಥಕರ್ತನು ವಿಚಾರಿಸಿಕೊಳ್ಳಲಿ. ಕಾಯಿದೆಯು ಕೇಳದಿದ್ದರೂ ಇನ್ನು ಕೆಲವು ಪ್ರತಿಗಳನ್ನು ಅವನು ತಾನೇ ಕೈಯಾರೆ ಒಯ್ದು, ಕಾರಮಡೈಯ ಸಾರ್ವಜನಿಕ ಗ್ರಂಥಾಲಯಕ್ಕೆ ಒಂದನ್ನೂ, ಯಾರ ಮನೆಯ ಜಗಲಿಯಲ್ಲಿ ಕುಳಿತು ಮಾತುಗಳನ್ನು ಬರೆದುಕೊಂಡನೋ ಆ ಮನೆಗಳಿಗೆ ಒಂದೊಂದನ್ನೂ ಕೊಡಬೇಕೆಂದು ಪ್ರಾರ್ಥಿಸುತ್ತೇನೆ.